ಸುಣ್ಣವಾದ ಚಿಪ್ಪು

೧೪ ಮೇ ೧೯೯೮, ಗುರುವಾರ. ಶಿಕಾರಿಪುರ.

ಅಪ್ಪಾಜಿಯ ಮುಖ ನೋಡಲು ಮನಸ್ಸಿಲ್ಲ. ತೂಗಿ ಬರೆದಿಡಲೆಂದು ಕಾರವಾರದಿಂದ ತಂದಿದ್ದ ನನ್ನ ಬಳಚಿನ ಕಪ್ಪೆಚಿಪ್ಪುಗಳ ಎರಡೂ ಪೊಟ್ಟಣಗಳನ್ನು ಒಂದಾದ ಮೇಲೊಂದು ಕೆಂಡಕ್ಕೆ ಹಾಕಿ, ಎಲೆಅಡಿಕೆಗೆ ಸುಣ್ಣ ಮಾಡಿಕೊಂಡಿದ್ದಾರೆ. ಅಂಗಡಿಯ ಸುಣ್ಣ ಅವರ ನಾಲಿಗೆಗೆ ಆಗುವುದಿಲ್ಲವಂತೆ. ನನ್ನನ್ನು ಒಂದು ಮಾತು ಕೇಳಬೇಕೆಂದೂ ಅನಿಸಲಿಲ್ಲ.

ಬಿಳಿ ದಾರ ಕಟ್ಟಿದ ಪೊಟ್ಟಣದಲ್ಲಿದ್ದವು ಸಾಧಾರಣ ಸಮುದ್ರದ ನೀರಿನಲ್ಲಿ ಬೆಳೆದವು. ಕೆಂಪು ದಾರದವನ್ನು, ಹೊಗೆಯಲ್ಲಿರುವ ಇಂಗಾಲದ ಅನಿಲ ಹಾಯಿಸಿ ಹುಳಿ ಮಾಡಿದ ಬೆಚ್ಚಗಿನ ನೀರಿನಲ್ಲಿ ಬೆಳೆಸಿದ್ದೆ. ಸಮುದ್ರವೇ ಮುಂದೆ ಹಾಗಾದರೆ ಚಿಪ್ಪು ಸವೆಯುತ್ತದೆಯೇ ಎಂಬುದೇ ನನ್ನ ಇಡೀ ವರ್ಷದ ಕೆಲಸ. ಒಂದನ್ನೂ ಇನ್ನೂ ತೂಗಿರಲಿಲ್ಲ.

ನಾನು ಕೂಗಾಡುತ್ತಿದ್ದರೆ ಅವರು ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಸಂಜೆ ಊಟಕ್ಕೆ ಕರೆಯಲು ಬಂದು ಬಾಗಿಲಲ್ಲೇ ನಿಂತರು.

"ಗಂಗಾ, ಆ ಕೆಂಪು ದಾರದ ಪೊಟ್ಟಣ ಕೊಟ್ಟಾಂವ ನಿಂಗ ಮೋಸ ಮಾಡ್ಯಾನ. ಅಷ್ಟಷ್ಟೇ ಚಿಪ್ಪಿದ್ರೂ ಇದ್ರಾಗ ಅರ್ಧಾನೂ ಸುಣ್ಣ ಬರ್ಲಿಲ್ಲ."

ನನ್ನ ವರ್ಷದ ಉತ್ತರ ಅದೇ. ಹೇಳಿದರೆ ಬೀಗುತ್ತಾರೆ, ಹೇಳುವುದಿಲ್ಲ. ಕಾಲೇಜಿನಲ್ಲಿ ಪುರಾವೆ ಕೇಳುತ್ತಾರೆ. ಅದನ್ನು ಇವರು ಜಗಿದು ಅಂಗಳಕ್ಕೆ ಉಗಿದಾಗಿದೆ.