ಶಂಕ್ರವ್ವ ಆಯಿ ಹುರದ ಜ್ವಾಳ

ಇಸವಿ ಎರಡು ಸಾವಿರದ ನೂರಾ ಎಪ್ಪತ್ತೊಂಬತ್ತು, ಎರಡನೇ ಬ್ಯಾಸಗಿ, ಅರವತ್ತೊಂದನೇ ತಾರೀಖು
ನಿಮ್ಮೂರ ಮೊಳಕಿಮನಿಯಿಂದ

ಶಂಕ್ರವ್ವ ಆಯಿಗೆ ಹುಚ್ಚೀರಪ್ಪನ ಶರಣು.

ತಾರೀಖು ನೋಡಿ ಗಾಬರಿ ಆಗಬ್ಯಾಡ. ನಮಗ ವರ್ಷಕ್ಕ ಎರಡು ಬ್ಯಾಸಗಿ, ನಡುವ ಒಂದೀಟು ಮಳಿ. ತಿಂಗಳ ಹೆಸರು ಯಾರೂ ಇಟಗೊಂಡಿಲ್ಲ, ಬ್ಯಾಸಗಿ ದಿನಾನ ಎಣಸ್ತೀವಿ. ನಾ ಓದಿದ್ದು ನಾಕನೇತ್ತೆ, ಅದರಾಗೂ ಒಂದು ವರ್ಷ ಮಾಸ್ತರ ನನ್ನ ಹೊರಗ ನಿಂದ್ರಿಸಿದ್ದ. ಮಾತು ತಿಳೀದಿದ್ರ ತಪ್ಪು ನಂದ. ನನಗ ಐವತ್ಮೂರು, ನೀ ಜ್ವಾಳದ ಡಬ್ಬಿ ನೆಲದಾಗ ಹುಗದಾಗ ನಿನಗ ಮೂವತ್ತು. ಆಯಿ ಅನ್ನಲೋ ತಂಗಿ ಅನ್ನಲೋ ಅಂತ ಎರಡು ದಿನ ಕುಂತು ವಿಚಾರ ಮಾಡಿದೆ. ಐದಾರು ತಲಿಮಾರು ಮ್ಯಾಲಿನಾಕಿ, ಆಯಿನ ಇರಲಿ. ಈ ಕಾಗದ ಹಿಂದಕ್ಕ ಹ್ಯಾಂಗ ಬರತೈತಿ ಅಂತ ನನ್ನ ಕೇಳಬ್ಯಾಡ. ಕಳಸಾವರು ಕಳಸ್ತೀವಿ ಅಂದ್ರು, ಒಂದ ಹಾಳಿ ಅಂದ್ರು.

ಮೊಳಕಿಮನಿ ಅಂದ್ರ ಬಿತ್ತೂಕಿಂತ ಮದಲ ಬೀಜ ಪರೀಕ್ಷಾ ಮಾಡೋ ಮನಿ. ನೂರು ಕಾಳು ಎಣಸಿ ಹಸಿ ಗೋಣಿತಟ್ಟಿನ್ಯಾಗ ಸುತ್ತಿಡೂದು, ನಾಕನೇ ದಿನ ಬಿಚ್ಚಿ ಎಷ್ಟು ಮೊಳಕಿ ಒಡದಾವ ನೋಡೂದು. ತಟ್ಟು ಹಸಿ ಮಾಡೂದು ನನ್ನ ಕೆಲಸ. ಮಗಳು ನೀಲವ್ವ ಅಲ್ಲಿ ದೊಡ್ಡಾಕಿ, ಬೀಜದ ಶಾಸ್ತ್ರ ಓದ್ಯಾಳ. ಮನ್ಯಾಗ ನಾ ಆಕಿಗೆ ಅಪ್ಪ, ಅಲ್ಲಿ ಆಕಿ ನನಗ ಬಾಯಾರು, ಅಂದ್ರ ಸಾಹೇಬರು. ಅಲ್ಲಿ "ಹುಚ್ಚೀರಪ್ಪನವರ, ತಟ್ಟು ಒಣಗೇತಿ" ಅಂತಾಳ, ಮನಿಗೆ ಬಂದು "ಅಪ್ಪಾ, ಕಾಲು ಒತ್ತು" ಅಂತಾಳ. ಏಳು ತಿಂಗಳ ಬಸರಿ. ಎರಡೂ ಕಡೆ ನಾನ ಆಳು.

ನಮ್ಮ ಹೊಲದಾಗ ಇರೂದು ಒಂದ ಬೀಜ, ಸಾವಿರಕಾಳು ಅಂತೀವಿ. ತೆನಿ ತುಂಬ ಕಾಳು, ಕಡಿಮಿ ನೀರು, ಎಲ್ಲಾ ಒಂದ ಎತ್ತರ, ಒಂದ ದಿನ ಮಾಗೂದು. ಶಾಣ್ಯಾರು ಮಾಡಿದ್ದು, ಸುಳ್ಳ ಬೈಯಂಗಿಲ್ಲ. ನಮ್ಮಜ್ಜ, ನಮ್ಮಪ್ಪ ಅದನ್ನ ಉಂಡು ಉಳದಾರ. ಆದ್ರ ಎಲ್ಲಾರೂ ಅದೊಂದನ್ನ ಬಿತ್ತಿದ್ರು. ಈಗ ನಾಕು ವರ್ಷಾತು, ಬಿಳಿತೆನಿ ಅಂತ ರೋಗ ಬಂದೈತಿ. ದೂರಿಂದ ನೋಡಿದ್ರ ಹತ್ತಿ ಬಿಟ್ಟಂಗ ಚಂದ ಕಾಣತೈತಿ, ತೆನಿ ಹಿಚುಕಿದ್ರ ಬರೇ ಸಿಪ್ಪಿ. ಒಂದಕ್ಕ ಬಂದದ್ದು ಎಲ್ಲಾಕೂ ಬಂತು. ನಾವು ಉಣ್ಣೂದು ತಲಿಹಿಟ್ಟು, ತಲಿಗೆ ಇಷ್ಟು ಅಂತ ಅಳದು ಕೊಡೋ ಹಿಟ್ಟು. ಮದಲ ತಲಿಗೆ ನಾಕು ರೊಟ್ಟಿ ಆಗತಿದ್ವು, ಈಗ ಎರಡು. ನಾ ತೆಳ್ಳಗ ಬಡದು ಮೂರು ಮಾಡ್ತೀನಿ, ಮೂರನೇದರಾಗಿಂದ ನೀಲವ್ವನ ಮುಖ ಕಾಣತೈತಿ. ನಂದು ಉಂಡಾತು ಅಂತ ಸುಳ್ಳು ಹೇಳಿ ಒಂದನ್ನ ಆಕಿ ತಾಟಿಗೆ ಹಾಕ್ತೀನಿ, ಆಕಿ "ಸಾಕಾತಪ್ಪ" ಅಂತ ತಿರುಗಿ ನನಗ ಹಾಕ್ತಾಳ. ಆ ರೊಟ್ಟಿ ನಮ್ಮ ಮನ್ಯಾಗ ಬರೇ ತಿರಗಾಡತೈತಿ.

ನೀಲವ್ವ ಒಂದು ಹಳೇ ಪುಸ್ತಕದಾಗ ನಿನ್ನ ಗುಂಡ್ತೆನಿ ಜ್ವಾಳದ ಸುದ್ದಿ ಓದಿದ್ಲು. ಗಿಡ್ಡ ದಂಟು, ಮುಷ್ಟಿಯಂಥಾ ತೆನಿ, ಕಾಳು ಕಡಿಮಿ. ಆದ್ರ ಇಂಥಾದ ರೋಗ ಬಂದಾಗ ಅದೊಂದ ಹಸರ ನಿಂತಿತ್ತಂತ. ಹುಡಕಾಡಿ ಸಾಕಾತು, ಎಲ್ಲೂ ಸಿಗಲಿಲ್ಲ. ಆಮ್ಯಾಲ ಹಳೇ ಸಾಲಿ ಪಾಯಾ ಕಿತ್ತಾಗ ನಿನ್ನ ಡಬ್ಬಿ ಬಂತು, ಬಾಯಿಗೆ ಮೇಣ ಬಡದದ್ದು. ಮ್ಯಾಲ ಚೀಟಿ: "ಶಂಕ್ರವ್ವ, ವಯಸ್ಸು ಮೂವತ್ತು. ಗುಂಡ್ತೆನಿ ಜ್ವಾಳ. ಮುಂದ ಹುಟ್ಟಾವರಿಗೆ." ಕೆಳಗಿನ ಸಾಲು ಮೇಣದಾಗ ಅಂಟಿ ಕುಂತಿತ್ತು.

ಮುಚ್ಚಳ ತಗದ್ರ ಏನು ವಾಸನಿ, ಆಯಿ. ನಮ್ಮ ಹಿಟ್ಟು ಕಾರಖಾನ್ಯಾಗ ಬೀಸಿ ಬರತೈತಿ, ಕಾಳು ಒಲಿಗೆ ಹಾಕಿದ್ದು ಯಾರೂ ನೋಡಿಲ್ಲ, ಶಾಸ್ತ್ರ ಓದಿದ ನೀಲವ್ವನೂ ನೋಡಿಲ್ಲ. ಹಳೇ ಜ್ವಾಳ ಹಿಂಗ ಘಮ್ಮ ಅಂತಿರಬೇಕು, ಬಣ್ಣಾನೂ ಹಿಂಗ ಕೆಂಪಿರಬೇಕು ಅಂದಕೊಂಡ್ವಿ. ಮಂದಿ ಕಿಟಕ್ಯಾಗ ತಲಿ ತೂರಸಿ ವಾಸನಿ ತಗೊಂಡ್ರು. ನಾ ನೂರು ಕಾಳು ಎಣಸಿ ತಟ್ಟಿನ್ಯಾಗ ಸುತ್ತಿದೆ. ನಾಕನೇ ದಿನ ಬಿಚ್ಚಿದ್ವಿ, ಒಂದೂ ಇಲ್ಲ. "ಭಾಳ ದಿನದ ನಿದ್ದಿ, ಏಳಾಕ ತಡಾ ಆಗತೈತಿ, ನಾನೂ ಹಂಗ" ಅಂದೆ. ನೀಲವ್ವ ನಗಲಿಲ್ಲ. ಎಂಟನೇ ದಿನ ಕಾಳು ಮೆತ್ತಗಾಗಿ ನಾತ ಹೊಡದ್ವು. ಆಕಿ ಚೀಟಿಗೆ ಬಿಸಿ ಹಿಡದು ಮೇಣ ಬಿಡಿಸಿದ್ಲು, ಓದಿ ನನ್ನ ಕೈಗೆ ಕೊಟ್ಲು. "ಹುಳ ಬೀಳಬಾರದಂತ ಸಣ್ಣ ಉರಿ ಮ್ಯಾಲ ಚಲೋತ್ನಂಗ ಹುರದೀನಿ. ಹಸದಾಗ ತಿನ್ರೆಪಾ."

ಬೈಬೇಕಂತ ಬಾಯಿ ತಗದೆ, ಚೀಟಿ ಇನ್ನೊಮ್ಮೆ ಓದಿದೆ. ನೀ ನಮ್ಮ ಹಸಿವಿ ನೆನಸಿದಿ, ನಮ್ಮ ಹೊಲ ನೆನಸಲಿಲ್ಲ, ಅಷ್ಟ.

ನಿನ್ನೆ ನೀಲವ್ವಗ ಉಡಿ ತುಂಬಿದ್ವಿ. ಉಡ್ಯಾಗ ಹಾಕಾಕ ನಮ್ಮಲ್ಲಿ ಕಾಳ ಎಲ್ಲಿಂದ ಬರಬೇಕು, ಹಿಟ್ಟಿನ ಪುಡಿಕಿ ಹಾಕ್ತೀವಿ. ನಾ ನಿನ್ನ ಡಬ್ಬಿ ತಂದು ಉಳದದ್ದನ್ನೆಲ್ಲಾ ಆಕಿ ಸೆರಗಿನ್ಯಾಗ ಸುರವಿದೆ. ಒಂದು ಚಿಮಟಿ ಬಾಯಾಗ ಹಾಕ್ಕೊಂಡು ಅಗದ್ಲು. "ಭಾಳ ರುಚಿ ಐತಪ್ಪ" ಅಂದ್ಲು, ಅಂದಾಕಿನ ಮುಖ ಆ ಕಡೆ ಮಾಡಿದ್ಲು. ನನಗ ಒಂದೂ ನಗೀಮಾತು ಹೊಳೀಲಿಲ್ಲ. ಐವತ್ಮೂರು ವರ್ಷದಾಗ ಅದ ಮದಲನೇ ಸರತಿ. ಬಿತ್ತಾಕ ಇನ್ನ ಇಪ್ಪತ್ತು ದಿನ ಅದಾವ, ಕೈಯಾಗ ಇರೂದು ಅದ ಸಾವಿರಕಾಳು. ಅದನ್ನ ಬಿತ್ತತೀವಿ. ಮತ್ತ ಬಿಳೀ ಆದ್ರ ಎರಡು ರೊಟ್ಟಿ ಹೋಗಿ ಒಂದಾಗತೈತಿ, ಕೂಸಿಗೆ ಆಕಿ ಏನು ಹಾಲು ಕುಡಸ್ತಾಳ.

ಅದಕ್ಕ ಬೇಡಕೋತೀನಿ, ಆಯಿ. ನಿಮ್ಮ ಕಾಲಕ್ಕ ಬರೋ ಹೊಸಾ ಬೀಜ ಬಿತ್ತಬ್ಯಾಡ ಅನ್ನಂಗಿಲ್ಲ, ಬಿತ್ತು. ಬದುವಿನ ಮಗ್ಗಲಾಗ ನಾಕು ಸಾಲು ಗುಂಡ್ತೆನಿನೂ ಇರಲಿ. ಡಬ್ಬ್ಯಾಗ ಹುಗದಿಟ್ಟರ ಹಸಿ ಕಾಳೂ ಇಷ್ಟು ವರ್ಷ ತಡಿಯಂಗಿಲ್ಲಂತ, ವರ್ಷಾ ವರ್ಷಾ ಮಣ್ಣು ಕಾಣಬೇಕಂತ, ನೀಲವ್ವ ಹೇಳತಾಳ. ನಿನ್ನ ಮಗಳಿಗೆ ಉಡಿ ತುಂಬೂವಾಗ ಹುಳ ಬೀಳದಂಗ ಬೂದ್ಯಾಗ ಕಲಸಿಟ್ಟ ಹಸಿ ಕಾಳು ಒಂದು ಬೊಗಸಿ ಹಾಕು. ಬಿತ್ತೂತನಾ ಹುರೀಬಾರದು, ಬೇಸಬಾರದು, ಬೆಳದದ್ದರಾಗ ಒಂದು ಬೊಗಸಿ ಮುಂದ ತನ್ನ ಮಗಳ ಉಡ್ಯಾಗ ಹಾಕಬೇಕು ಅಂತ ಹೇಳು. ಉಡಿಯಿಂದ ಉಡಿಗೆ ಐದಾರು ಸರತಿ ದಾಟಿದ್ರ ನೀಲವ್ವನ ಉಡಿಗೆ ಬಂದು ಮುಟ್ಟತೈತಿ.

ಹಂಗಾದ್ರ ನಾ ಈ ಕಾಗದ ಬರಿಯೂದ ಬರಂಗಿಲ್ಲ, ಬರೀದಿದ್ರ ಆಯಿಗೆ ಹ್ಯಾಂಗ ಗೊತ್ತಾಗಬೇಕು ಅಂತ ನೀಲವ್ವನ ಕೇಳಿದೆ. "ಅಪ್ಪಾ, ತಟ್ಟು ಹಸಿ ಮಾಡು ಹೋಗು" ಅಂದ್ಲು.

ಹಾಳಿ ಮುಗೀತು. ಹಂಚು ಒಲಿ ಮ್ಯಾಲ ಇಟ್ಟಿದ್ರ ಇಳಸು, ಆಯಿ. ಕಾಳಿಗೆ ಇನ್ನೂ ಬಿಸಿ ಹತ್ತಿರಲಿಕ್ಕಿಲ್ಲ.