ಚಿಮಣಿಯ ಹಿಂದಿನ ಮಣ್ಣು

ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ಪುಟ್ಟಿ,

ತಲುಪಿದ ದಿನವೇ ಕಾಗದ ಹಾಕ್ತೀನಿ ಅಂದವನು ಐದನೇ ದಿನಕ್ಕೆ ಪೆನ್ನು ಹಿಡಿದಿದ್ದೇನೆ, ಬೈಯಬೇಡ. ಇಲ್ಲಿ ಫೋನ್ ಸಿಗುವುದಿಲ್ಲ. ವಾರಕ್ಕೆ ಎರಡು ಸಲ ನಮ್ಮ ಜೀಪು ಪೇಟೆಗೆ ಹೋಗುತ್ತೆ, ಆಗ ಕಾಗದ ಒಯ್ಯುತ್ತೆ. ಮಂಡಿನೋವು ನನ್ನ ಜೊತೆಗೇ ಬಂದಿದೆ. ಮಾತ್ರೆ ತಪ್ಪಿಸಿಲ್ಲ. ನಿಮ್ಮತ್ತಿಗೆಗೂ ಇಷ್ಟು ಹೇಳಿಬಿಡು.

ನಾವು ಒಂಬತ್ತು ಜನ ಇದ್ದೇವೆ. ಇಷ್ಟು ವರ್ಷ ಒಳಗೇ ಬಿಡದಿದ್ದ ಈ ದೇಶದವರು ಈಗ ನಮ್ಮ ಸೈನಿಕರ ಮೂಳೆ ಹುಡುಕಿಕೊಳ್ಳಲು ಮೂರು ವಾರದ ಅನುಮತಿ ಕೊಟ್ಟಿದ್ದಾರೆ. ತಂಡದ ಮುಖ್ಯಸ್ಥೆ ಮೂಳೆಗಳ ತಜ್ಞೆ, ನಲವತ್ತು ದಾಟಿರಲಾರದು, ಎಲ್ಲರೂ ಡಾಕ್ಟರಮ್ಮ ಅಂತಾರೆ. ಅಗೆಯುವವರು ಆರು ಜನ, ಒಬ್ಬ ದುಭಾಷಿ. ಆ ಯುದ್ಧವನ್ನು ಕಣ್ಣಾರೆ ಕಂಡವನು ಅಂದರೆ ನಾನೊಬ್ಬನೇ. ಮೊದಲ ದಿನವೆಲ್ಲ ಅವರಿಗೆ ನನಗೆ ಕುರ್ಚಿ ಹಾಕುವುದೇ ಕೆಲಸ. ಕೂತರೆ ಏಳಲು ಎಷ್ಟು ಹೊತ್ತು ಬೇಕು ಅಂತ ಅವರಿಗೇನು ಗೊತ್ತು.

ಆ ಇಟ್ಟಿಗೆ ಗೂಡು ಈಗ ಪಾಳುಬಿದ್ದಿದೆ. ಇಟ್ಟಿಗೆ ಒಣಗಿಸುತ್ತಿದ್ದ ಶೆಡ್ಡಿನ ತಗಡನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಚಿಮಣಿ ಮಾತ್ರ ನಿಂತಿದೆ, ಮೇಲ್ಭಾಗ ಒಡೆದಿದೆ. ಅದರ ಹಿಂದೆ ನಿನ್ನ ಕೈಹಿಡಿದಿದ್ದ ಅವನನ್ನೂ ನಮ್ಮ ಕಂಪನಿಯ ಅಡುಗೆಯವನನ್ನೂ ಮಣ್ಣು ಮಾಡಿದ ಜಾಗ ತೋರಿಸಿದ್ದೇನೆ. ನಾನು ಆಗ ಬರೆದುಕೊಟ್ಟಿದ್ದ ನಕ್ಷೆಯೂ ಡಾಕ್ಟರಮ್ಮನ ಕೈಯಲ್ಲಿದೆ. ದಾರ ಕಟ್ಟಿ ಚೌಕ ಮಾಡಿ, ಕರಣೆಯಲ್ಲಿ ಒಂದೊಂದು ಬೆರಳಿನಷ್ಟೇ ಮಣ್ಣು ಕೆರೆದು ಜರಡಿ ಹಿಡಿಯುತ್ತಾರೆ. ಹಲ್ಲಿನ ಚೂರು ಕೂಡ ತಪ್ಪಿಸಿಕೊಳ್ಳಲಾರದು. ಇನ್ನೂ ಏನೂ ಸಿಕ್ಕಿಲ್ಲ. ಮೂವತ್ತನಾಲ್ಕು ವರ್ಷವಾಯಿತಲ್ಲ, ನಾಲ್ಕು ಹೆಜ್ಜೆ ಆಚೀಚೆ ಆಗಿರಬಹುದು.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ಹೊರಡುವ ದಿನ ಅವರು ಕನ್ನಡಕದ ಅಂಗಡಿ ಮುಚ್ಚಿ ಸ್ಟೇಷನ್ನಿಗೆ ಬಂದು, "ಅವರನ್ನ ಕರ್ಕೊಂಡು ಬನ್ನಿ, ಫೋಟೋ ನಮ್ಮನೇಲೇ ಇಡೋಣ" ಅಂದಾಗ ಅವರ ಕೈ ಹಿಡಿದುಕೊಂಡೆ. ಹೆಂಡತಿಯ ಮೊದಲನೇ ಗಂಡನ ಬಗ್ಗೆ ಹೀಗೆ ಮಾತಾಡುವವರು ಎಷ್ಟು ಜನ ಇರ್ತಾರೆ?

ಚಳಿ ಜಾಸ್ತಿ. ನೀನು ಹೆಣೆದ ಸ್ವೆಟರು ಮೈಮೇಲೇ ಇದೆ.

ನಿನ್ನ
ಅಣ್ಣ


ಏಪ್ರಿಲ್ ೬, ಭಾನುವಾರ

ಪ್ರೀತಿಯ ಪುಟ್ಟಿ,

ಊರಿಗೆ ಬಂದು ಐದು ವಾರವಾಯಿತು. ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಿಮ್ಮತ್ತಿಗೆ ನಾನು ಸ್ನಾನಕ್ಕೆ ಹೋಗಿದ್ದೇನೆ ಅಂದಳು. ಇಷ್ಟೊಂದು ಸ್ನಾನ ಮಾಡುವ ಮನುಷ್ಯ ನಿನ್ನ ಅಣ್ಣ ಅಲ್ಲ ಅಂತ ನಿನಗೆ ಗೊತ್ತು. ಪಾಪ, ಅವಳದೇನೂ ತಪ್ಪಿಲ್ಲ. ಹಾಗೆ ಹೇಳು ಅಂದವನು ನಾನು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಒಂದು ಸುಳ್ಳು ಹೇಳಿಬಿಡುತ್ತೇನೆ ಅನ್ನುವ ಭಯ. ಅದಕ್ಕೇ ಈ ಕಾಗದ.

ಮೊದಲು ಸುದ್ದಿ. ಮೂಳೆ ಅವನದೇ. ಅವನ ತಮ್ಮ ಕೊಟ್ಟ ಎಂಜಲಿನ ಪರೀಕ್ಷೆ ತಾಳೆಯಾಗಿದೆ, ನಿನ್ನೆ ಪತ್ರ ಬಂತು. ಎಡ ಹೆಗಲಿನ ಮೂಳೆ ಒಮ್ಮೆ ಮುರಿದು ಕೂಡಿಕೊಂಡಿತ್ತಂತೆ. ಅದು ನೀವಿಬ್ಬರೂ ಸೈಕಲ್ಲಿನಿಂದ ಬಿದ್ದಾಗಿನದು, ಹಿಂದೆ ಕೂತಿದ್ದವಳು ನೀನೇ. ಡಾಕ್ಟರಮ್ಮ ಅದನ್ನು ತೋರಿಸಿದಾಗ ನನಗೆ ಪರೀಕ್ಷೆ ಬೇಕಾಗಿರಲಿಲ್ಲ. ಈ ತಿಂಗಳ ಇಪ್ಪತ್ತಕ್ಕೆ ಅವನು ಬರುತ್ತಾನೆ.

ಪತ್ರದ ಜೊತೆ ಆರು ಪುಟದ ವರದಿ ಇದೆ. ಅದರ ಒಂದು ಪ್ರತಿ ಅವನ ತಮ್ಮನಿಗೂ ಹೋಗಿದೆ, ಅವನು ನಿನಗೆ ತಂದು ತೋರಿಸದೆ ಇರುವುದಿಲ್ಲ. ಮೂರನೇ ಪುಟದಲ್ಲಿ, "ಸಾಕ್ಷಿ ತೋರಿಸಿದ ಜಾಗದಲ್ಲಿ ಮಣ್ಣನ್ನು ಹಿಂದೆ ಯಾರೂ ಅಗೆದ ಗುರುತಿಲ್ಲ" ಅಂತ ಒಂದು ಸಾಲಿದೆ. ಸಾಕ್ಷಿ ಅಂದರೆ ನಾನು. ಅದನ್ನು ನೀನು ಬೇರೆಯವರ ಕಾಗದದಲ್ಲಿ ಓದುವ ಮೊದಲು ನನ್ನ ಕೈಬರಹದಲ್ಲಿ ಓದು.

ಪುಟ್ಟಿ, ನಾನು ಅವನನ್ನು ಮಣ್ಣು ಮಾಡಲಿಲ್ಲ. ಚಿಮಣಿಯ ಹಿಂದೆ ಗೋರಿ ಇರಲೇ ಇಲ್ಲ. ಗುಂಡಿ ತೋಡಿದ್ದು, ಸುತ್ತ ಇಟ್ಟಿಗೆ ಇಟ್ಟದ್ದು, ತಲೆ ನಮ್ಮ ಊರಿನ ದಿಕ್ಕಿಗಿತ್ತು ಅಂದದ್ದು ಎಲ್ಲಾ ಸುಳ್ಳು. ತಲೆ ಯಾವ ಕಡೆಗಿತ್ತು ಅಂತ ನೀನು ಕೇಳಿದಾಗ, ನಿನ್ನ ಮುಖ ನೋಡಿ ಅಲ್ಲೇ ಹುಟ್ಟಿಸಿ ಹೇಳಿದ್ದು.

ನಡೆದದ್ದು ಇಷ್ಟು. ಹಿಂದಕ್ಕೆ ಸರಿಯಿರಿ ಅಂತ ಆಜ್ಞೆ ಬಂದ ದಿನ ಆ ಶೆಡ್ಡಿನಲ್ಲಿ ಗಾಯಗೊಂಡವರು ಆರು ಜನ ಇದ್ದರು. ನಾನು ಓಡಿಸುತ್ತಿದ್ದ ಆಂಬುಲೆನ್ಸಿನಲ್ಲಿ ನಾಲ್ಕೇ ಸ್ಟ್ರೆಚರು. ಅವನಿಗೆ ತೊಡೆಗೆ ಪೆಟ್ಟಾಗಿತ್ತು, ಆದರೆ ಮಾತಾಡುತ್ತಿದ್ದ. ಮಾತಾಡುವವನು ಇನ್ನೊಂದು ಸುತ್ತಿಗೆ ಕಾಯಬಲ್ಲ ಅನ್ನುವುದು ನಮ್ಮ ವಾಡಿಕೆ. ಅವನೇ ಅಂದ, "ಅವರನ್ನ ಹಾಕ್ಕೊಂಡು ಹೋಗು ಭಾವ, ನಾವಿಬ್ಬರು ಇರ್ತೀವಿ. ಬರ್ತಾ ಒಂದು ಬೀಡಿ ಕಟ್ಟು ತಾ." ಅಡುಗೆಯವನಿಗೆ ಅಷ್ಟು ಹೊತ್ತಿಗೇ ಪ್ರಜ್ಞೆ ಇರಲಿಲ್ಲ.

ನಾಲ್ವರನ್ನೂ ಇಳಿಸಿ ವಾಪಸ್ ಬಂದೆ. ಸೇತುವೆ ಹತ್ತಿರ ನಮ್ಮವರೇ ತಡೆದರು. "ಸೇತುವೆ ಮುಚ್ಚಿದೆ, ಸಿಡಿಸ್ತಾರೆ, ತಿರುಗಿಸು" ಅಂದ ಕಾವಲಿನವನು. ಆಚೆ ಇಬ್ಬರು ಇದ್ದಾರೆ ಅಂದೆ. "ಆಚೆ ಯಾರೂ ಇಲ್ಲ ಅಂತ ಬರ್ಕೊಂಡಾಗಿದೆ" ಅಂದ. ಆಗಲೇ ಗೂಡಿನ ಕಡೆ ಎರಡು ಶೆಲ್ ಬಿದ್ದವು, ಹೊಗೆ ಎದ್ದಿತು. ನಾನು ಎಷ್ಟು ಹೊತ್ತು ವಾದ ಮಾಡಿದೆ? ಒಂದು ಸಿಗರೇಟು ಸೇದುವಷ್ಟು ಹೊತ್ತು. ಆಮೇಲೆ ಗಾಡಿ ತಿರುಗಿಸಿದೆ. ಅಡ್ಡ ಇಟ್ಟಿದ್ದದ್ದು ಒಂದು ಬಿದಿರಿನ ಗಳು, ಪುಟ್ಟಿ. ಗುದ್ದಿಕೊಂಡು ಹೋಗಿದ್ದರೆ ಆ ಕಾವಲಿನವನು ನನಗೆ ಗುಂಡು ಹೊಡೆಯುತ್ತಿರಲಿಲ್ಲ. ಸೇತುವೆ ಸಿಡಿಸಿದ್ದು ಮಾರನೆಯ ಬೆಳಿಗ್ಗೆ. ಎರಡು ಸಲ ಹೋಗಿ ಬರುವಷ್ಟು ಸಮಯವಿತ್ತು.

ಕಂಪನಿಯ ಅಧಿಕಾರಿ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. "ಆ ಇಬ್ಬರು?" ಅಂದರು. ಸತ್ತರು ಅಂದೆ. "ಬಾಡಿ?" ಅಂದರು. ಮಣ್ಣು ಮಾಡಿ ಬಂದೆ ಅಂದೆ. ನಾಲಿಗೆ ತಾನೇ ಹೇಳಿತು. ಅವರು ಕಾಗದ ಕೊಟ್ಟು ಜಾಗ ಬರೆದು ತೋರಿಸು ಅಂದರು. ಚಿಮಣಿ ಬರೆದೆ, ಅದರ ಹಿಂದೆ ಎರಡು ಗೀಟು ಹಾಕಿದೆ. ಕೆಳಗೆ ಸಹಿ ಹಾಕಿದೆ. ಶೆಲ್ ಬಿದ್ದ ಮೇಲೆ ಅವನು ಬದುಕಿರಲಾರ ಅಂತ ನಿಜವಾಗಿ ನಂಬಿದ್ದೆ, ಇದನ್ನಾದರೂ ನಂಬು. ಆಮೇಲೆ ನೀನು ಮತ್ತೆ ಮದುವೆಯಾದೆ, ನಿನಗೊಂದು ಸಂಸಾರವಾಯಿತು. ಕಾಣೆಯಾಗಿದ್ದಾನೆ ಅಂದಿದ್ದರೆ ನೀನು ಬಾಗಿಲು ನೋಡುತ್ತಾ ಕೂತಿರುತ್ತಿದ್ದೆ, ನನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತು ಅಂತ ಎಷ್ಟು ಸಲ ಮನಸ್ಸಿಗೆ ಹೇಳಿಕೊಂಡಿದ್ದೇನೋ.

ಮತ್ತೆ ಯಾಕೆ ಹೋದೆ ಅಂತ ಕೇಳುತ್ತೀಯ. ಇಲಾಖೆಯವರು ಕರೆದಾಗ ನಿನ್ನ ಮುಖದಲ್ಲಿ ಅಷ್ಟು ಆಸೆ ಇತ್ತು. ಹೋಗಿ ಹುಡುಕಿದ ಹಾಗೆ ಮಾಡಿ, ಸಿಗಲಿಲ್ಲ ಅಂತ ಬರುವುದು ನನ್ನ ಯೋಚನೆ. ಆರು ಜನ ಮಂಡಿಯೂರಿ ಏನೂ ಇಲ್ಲದ ಮಣ್ಣನ್ನು ಜರಡಿ ಹಿಡಿಯುವುದನ್ನು ಕುರ್ಚಿಯಲ್ಲಿ ಕೂತು ಐದು ದಿನ ನೋಡಿದೆ. ಅವರ ಬೆರಳು ಚಳಿಗೆ ಒಡೆದು ರಕ್ತ ಬರುತ್ತಿತ್ತು. ಒಬ್ಬಳು ಊಟಕ್ಕೆ ಏಳುವಾಗ, "ಸರ್, ಬೇಜಾರು ಮಾಡ್ಕೋಬೇಡಿ, ಇವತ್ತಲ್ಲದಿದ್ರೆ ನಾಳೆ ಸಿಗ್ತಾರೆ" ಅಂದಳು.

ಆರನೇ ದಿನ ಬೆಳಿಗ್ಗೆ ಡಾಕ್ಟರಮ್ಮನ ಟೆಂಟಿಗೆ ಹೋದೆ. ನಿಂತುಕೊಂಡೇ ಎಲ್ಲಾ ಹೇಳಿದೆ. ಅವಳು ಪೆನ್ಸಿಲ್ ಕೆಳಗಿಟ್ಟು, "ಎರಡನೇ ದಿನವೇ ಗೊತ್ತಾಗಿತ್ತು ಸರ್" ಅಂದಳು. "ಒಂದು ಸಲ ತೋಡಿದ ಮಣ್ಣು ಮತ್ತೆ ಮೊದಲಿನ ಹಾಗೆ ಕೂರಲ್ಲ. ಇಲ್ಲಿ ಪದರ ಒಂದೂ ಕದಡಿಲ್ಲ."

"ಮತ್ತೆ ಯಾಕೆ ಅಗೆದಿರಿ?"

"ನೀವು ಹೇಳಲಿ ಅಂತ. ನಾವೇ ಕೇಳಿದ್ರೆ ನೀವು ಇನ್ನೊಂದು ಜಾಗ ತೋರಿಸಿಬಿಡ್ತಿದ್ರಿ."

ಅವಳ ಮಾತು ನಿಜ. ತೋರಿಸುತ್ತಿದ್ದೆ.

ಅವತ್ತೇ ದುಭಾಷಿಯನ್ನು ಊರೊಳಗೆ ಕಳಿಸಿದರು. ಅವನು ದೂರ ಹೋಗಬೇಕಾಗಲಿಲ್ಲ. ಒಬ್ಬಳು ಅಜ್ಜಿ ಮೂರು ದಿನದಿಂದ ಬೇಲಿಯಾಚೆ ನಿಂತು ನಮ್ಮನ್ನು ನೋಡುತ್ತಿದ್ದಳು, ಯಾರೂ ಅವಳನ್ನು ಮಾತಾಡಿಸಿರಲಿಲ್ಲ. ಮೊದಲು ಗಂಡನ ಜೊತೆ ಅದೇ ಗೂಡಿನಲ್ಲಿ ಇಟ್ಟಿಗೆ ಹೊರುತ್ತಿದ್ದವಳು. ದುಭಾಷಿಗೆ ಅವಳಂದ ಮೊದಲ ಮಾತೇ ಇದು: "ಅಲ್ಲೇನಿದೆ ಅಂತ ಅಗೀತಿದ್ದಾರೆ? ಅವರಿಬ್ಬರೂ ನಮ್ಮನೆ ಹಿಂದೆ ಇದ್ದಾರಲ್ಲ."

ಅವಳ ಮನೆ ಒಂದೇ ಕೋಣೆ, ಹಿತ್ತಿಲಲ್ಲಿ ಈರುಳ್ಳಿ ಮಡಿ. ಗೋಡೆ ಪಕ್ಕ ಎರಡಾಳುದ್ದ ಜಾಗವನ್ನು ಮಾತ್ರ ಅಗೆಯದೆ ಹಾಗೇ ಬಿಟ್ಟಿದ್ದಳು. ತಲೆ ಯಾವ ದಿಕ್ಕಿಗೆ ಅಂತ ಅವಳು ಯೋಚಿಸಿರಲಿಲ್ಲ, ಜಾಗ ಇದ್ದ ಹಾಗೆ ಮಲಗಿಸಿದ್ದರು. ಮೊಣಕಾಲು ಆಳಕ್ಕೇ ಸಿಕ್ಕರು. ಅಡುಗೆಯವನ ಪಕ್ಕದಲ್ಲಿ ಅವನು. ಬೂಟಿನ ಅಟ್ಟೆ, ಬೆಲ್ಟಿನ ಬಕಲು, ಗುಂಡಿ ನಾಲ್ಕು. ಒಂದು ಹರಿದ ಕಂಬಳಿಯಲ್ಲಿ ಸುತ್ತಿದ್ದರು. ಅದು ಸೈನ್ಯದ್ದಲ್ಲ, ಅಜ್ಜಿಯ ಮನೆಯದು.

ಇನ್ನೊಂದು ವಿಷಯ ವರದಿಯ ನಾಲ್ಕನೇ ಪುಟದಲ್ಲಿದೆ. ಅಡುಗೆಯವನು ಅವತ್ತೇ ಹೋದ. ಶೆಲ್ ಬಿದ್ದದ್ದು ಗೂಡಿನಾಚೆಯ ಮಣ್ಣಿನ ಗುಡ್ಡೆಗೆ, ಶೆಡ್ಡಿಗೆ ಏನೂ ಆಗಿರಲಿಲ್ಲ. ಅಜ್ಜಿಯೂ ಅವಳ ಗಂಡನೂ ನಮ್ಮವನನ್ನು ಆರಿದ ಗೂಡಿನೊಳಗೆ ಬಚ್ಚಿಟ್ಟು ಗಂಜಿ ಕುಡಿಸಿದರು. ಔಷಧಿ ಇರಲಿಲ್ಲ, ಗಾಯ ಕೊಳೆಯಿತು. ಅವನು ಹನ್ನೊಂದು ದಿನ ಬದುಕಿದ್ದ. ನೀನು ಲೆಕ್ಕ ಹಾಕಲು ಕೂರುವ ಮೊದಲು ನಾನೇ ಹೇಳಿಬಿಡುತ್ತೇನೆ. ನಮ್ಮ ಮನೆಗೆ ತಂತಿ ಬಂದದ್ದು ಒಂಬತ್ತನೇ ದಿನ. ನೀನು ಅಡುಗೆಮನೆ ಹೊಸ್ತಿಲ ಮೇಲೆ ಕುಸಿದು ಕೂತಾಗ ಅವನು ಇನ್ನೂ ಇದ್ದ.

ಕ್ಷಮಿಸು ಅಂತ ಬರೆದು ಎರಡು ಸಲ ಹೊಡೆದುಹಾಕಿದೆ. ಕೇಳುವ ಬಾಯಿ ನನಗಿಲ್ಲ. ಅವನನ್ನು ನಿನಗೆ ತೋರಿಸಿ, ಹುಡುಗ ಒಳ್ಳೆಯವನು ಅಂತ ಅಪ್ಪನನ್ನು ಒಪ್ಪಿಸಿದವನೂ ನಾನೇ, ಬಿಟ್ಟುಬಂದವನೂ ನಾನೇ. ಇಪ್ಪತ್ತನೇ ತಾರೀಖು ನೀನು ಬರಬೇಡ ಅಂದರೆ ನಾನು ಬರುವುದಿಲ್ಲ. ಬಾ ಅಂದರೆ ಹಿಂದೆ ಎಲ್ಲೋ ನಿಂತಿರುತ್ತೇನೆ. ಈ ಕಾಗದವನ್ನು ನಿನ್ನ ಯಜಮಾನರಿಗೂ ತೋರಿಸು, ಒಬ್ಬಳೇ ಇಟ್ಟುಕೊಂಡು ಕೂರಬೇಡ. ಮೂವತ್ತನಾಲ್ಕು ವರ್ಷ ಹಾಗೆ ಕೂತರೆ ಏನಾಗುತ್ತೆ ಅಂತ ನನ್ನನ್ನು ನೋಡಿದರೆ ತಿಳಿಯುತ್ತೆ.

ಮಕ್ಕಳಿಗೆ ಆಶೀರ್ವಾದ. ನಿನಗೂ. ಈ ಕೈಯಿಂದ ಆಶೀರ್ವಾದ ಬೇಡ ಅನ್ನಿಸಿದರೆ ಅಮ್ಮನದು ಅಂತ ತಗೋ. ಆರೋಗ್ಯ ನೋಡಿಕೋ, ಊಟ ಬಿಡಬೇಡ.

ನಿನ್ನ
ಅಣ್ಣ

ತಾ.ಕ.: ಇದು ವರದಿಯಲ್ಲಿಲ್ಲ. ನಾನು ಹೇಳದಿದ್ದರೆ ನಿನಗೆ ಯಾವತ್ತೂ ಗೊತ್ತಾಗುವುದಿಲ್ಲ. ಹೊರಡುವ ದಿನ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ದುಭಾಷಿಯ ಕೈಲಿ ಒಂದು ಮಾತು ಕೇಳಿಸಿದಳು. ಆ ಹನ್ನೊಂದು ದಿನವೂ ರಸ್ತೆಯಲ್ಲಿ ಗಾಡಿ ಸದ್ದಾದಾಗೆಲ್ಲ ಅವನು ಮೊಣಕೈ ಊರಿ ಏಳಲು ನೋಡುತ್ತಿದ್ದನಂತೆ, ಒಂದೇ ಒಂದು ಶಬ್ದ ಹೇಳುತ್ತಿದ್ದನಂತೆ. ಅದು ಅವನ ದೇವರ ಹೆಸರಿರಬೇಕು ಅಂದುಕೊಂಡರಂತೆ ಗಂಡ ಹೆಂಡತಿ. ನಮ್ಮ ಪ್ರಾರ್ಥನೆ ಅವರಿಗೆ ಗೊತ್ತಿಲ್ಲವಲ್ಲ, ಮಣ್ಣು ಮಾಡುವಾಗ ಆ ಶಬ್ದವನ್ನೇ ಮೂರು ಸಲ ಹೇಳಿದರಂತೆ. "ನಾವು ಸರಿಯಾಗಿ ಹೇಳಿದೆವಾ?" ಅಂತ ಅಜ್ಜಿ ನನ್ನ ಮುಖ ನೋಡುತ್ತಾ ಅದನ್ನು ಹೇಳಿ ತೋರಿಸಿದಳು. ಉಚ್ಚಾರ ಸ್ವಲ್ಪ ಒರಟು, ಆದರೂ ತಿಳಿಯಿತು. "ಭಾವ" ಅಂದಳು.

ಹೌದಮ್ಮ, ದೇವರ ಹೆಸರೇ, ಸರಿಯಾಗಿಯೇ ಹೇಳಿದ್ದೀರಿ, ಅಂದೆ.