ಹೊರಗುಳಿದ ಚುಕ್ಕಿ

ಆವತಿ
೨೦–೧–೧೯೪೪, ಗುರುವಾರ

ಚಿ. ಸೌ. ಗಂಗಲಕ್ಷ್ಮಿಗೆ ನಿನ್ನ ತಾಯಿ ಅಕ್ಕಯಮ್ಮ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಯ ಕ್ಷೇಮ ಸಮಾಚಾರ ತಿಳಿಸು ಎಂದು ಮುಂದಿನ ಸಾಲು ಬರೆಯುವುದು ವಾಡಿಕೆ. ಬರೆಯಲು ಕೈ ಬರಲಿಲ್ಲ. ಅಂಚೆಗೆ ಹಾಕಿದರೆ ನಿನ್ನ ಮಾವನವರು ಒಡೆದು ಓದುತ್ತಾರೆಂದು ಈ ಕಾಗದವನ್ನು ಬಳೆಗಾರ್ತಿ ಖದೀಜಾಳ ಮಲಾರದ ಗಂಟಿನಲ್ಲಿಟ್ಟು ಕಳಿಸಿದ್ದೇನೆ. ಓದಿ, ಹರಿದು, ತಿಪ್ಪೆಗೆ ಹಾಕಿಬಿಡು.

ನೀನು ಹೆಣೆದು ಕಳಿಸಿದ ಸ್ವೆಟರಿನ ವಿಷಯವೇ ಬರೆಯಬೇಕಾಗಿದೆ. ಘಾಟಿ ದನದ ಪರಿಷೆಗೆ ಹೋಗುವಾಗ ನಿನ್ನ ಮೈದುನ ಅದನ್ನು ತಂದುಕೊಟ್ಟ. ಅತ್ತಿಗೆ ಚೆನ್ನಾಗಿದ್ದಾರೆ, ಅವರ ತಂದೆಗೆ ಚಳಿಗೆಂದು ಹೆಣೆದಿದ್ದಾರೆ ಎಂದ. ಅದು ಯುದ್ಧದ ಸಿಪಾಯಿಗಳ ಸ್ವೆಟರಿಗೆಂದು ಅಮಲ್ದಾರರ ಮನೆಯಮ್ಮ ದೇವನಹಳ್ಳಿಯಲ್ಲಿ ನಮಗೆಲ್ಲ ಹಂಚಿ, ಉಳಿದದ್ದನ್ನು ನಮಗೇ ಬಿಟ್ಟಿದ್ದ ಖಾಕಿ ಉಣ್ಣೆ. ನಿನ್ನ ಗಂಟಿನಲ್ಲಿ ನಾನೇ ಇಟ್ಟು ಕಳಿಸಿದ್ದೆ. ಅದರ ಮೇಲೆ ಬಿಳಿ ಉಣ್ಣೆಯಲ್ಲಿ ನೀನು ರಂಗೋಲಿ ತೆಗೆದಿದ್ದೆ. ಸಾರಿಸಿದ ಅಂಗಳದಲ್ಲಿ ಹಿಟ್ಟು ಬಿಟ್ಟ ಹಾಗೇ ಕಾಣುತ್ತಿತ್ತು.

ಎದೆಯ ಮೇಲೆ ನಾಲ್ಕು ಚುಕ್ಕಿ, ಅವನ್ನು ಬಳಸಿದ ಗೆರೆ. ಐದನೆಯ ಚುಕ್ಕಿ ಗೆರೆಯಿಂದಾಚೆ, ಕೆಳಗೆ ಅಂಚಿನಲ್ಲಿ ನೀನು ಹೆಣೆದಿದ್ದ ದನಗಳ ಸಾಲಿನಲ್ಲಿ ಒಂಟಿಯಾಗಿ ನಿಂತಿತ್ತು.

ದನ ಹೆಣೆದದ್ದು ಸಂಕ್ರಾಂತಿಗೆಂದು, ಚುಕ್ಕಿ ಲೆಕ್ಕ ತಪ್ಪಿದ್ದೆಂದು ತಿಳಿದೆ. ನನ್ನ ಸ್ವಭಾವ ನಿನಗೆ ಗೊತ್ತು. ಸಿಪಾಯಿಗಳಿಗೆ ಹೆಣೆಯುವಾಗ ಎಷ್ಟು ಜನ ಹೆಂಗಸರ ಕೆಲಸ ಬಿಚ್ಚಿಸಿ ಮತ್ತೆ ಹೆಣೆಸಿದ್ದೇನೆ! ತಪ್ಪು ಕಂಡರೆ ಸಾಕು, ಬೇರೇನೂ ನನಗೆ ಕಾಣುವುದಿಲ್ಲ. ಜಗಲಿಯ ಮೇಲೆ ಅಕ್ಕಪಕ್ಕದವರ ಮುಂದೆ ಸ್ವೆಟರನ್ನು ಹರಡಿ ನಕ್ಕೆ. ದಬ್ಬಣಕ್ಕೆ ಬಿಳಿ ಉಣ್ಣೆ ಪೋಣಿಸಿ, ಗೆರೆಯನ್ನು ಕೆಳಗಿನ ತನಕ ಎಳೆದು ತಂದು, ಆ ಚುಕ್ಕಿಯನ್ನು ಒಳಗೆ ಸೇರಿಸಿ ಹೊಲಿದುಬಿಟ್ಟೆ. ಪರಿಷೆಯಿಂದ ಹಿಂತಿರುಗಿದ ನಿನ್ನ ಮೈದುನನ ಕೈಯಲ್ಲೇ ಅದನ್ನು ವಾಪಸು ಕೊಟ್ಟು, ಜೊತೆಗೊಂದು ಚೀಟಿಯನ್ನೂ ಇಟ್ಟೆ. ಅದರಲ್ಲಿ ಬರೆದದ್ದನ್ನು ಇನ್ನೊಮ್ಮೆ ಬರೆಯಲು ನಾಚಿಕೆಯಾಗುತ್ತದೆ. ಆವತಿಯ ಹೆಣ್ಣಿನ ಕೈಕೆಲಸ ಹೀಗಿರಬಾರದು, ತಿದ್ದಿದ್ದೇನೆ, ನೋಡಿ ಕಲಿತುಕೊ, ಮನೆಯವರು ಹೇಳಿದಂತೆ ಕೇಳಿಕೊಂಡಿರು ಎಂದು ಬರೆದಿದ್ದೆ.

ನಿನ್ನ ತಂಗಿ ಸಪ್ಪಲಮ್ಮನನ್ನು ನೋಡಲು ಕಳೆದ ಭಾನುವಾರ ವಿಜಯಪುರದವರು ಬರುವುದಿತ್ತು. ಬೆಳಿಗ್ಗೆ ಅಂಗಳ ಸಾರಿಸಿ ಹಿಟ್ಟಿನ ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಒಲೆ ಹೊತ್ತಿಸಿ ಹೊರಗೆ ಬಂದು ನೋಡಿದರೆ, ಹೊಸಿಲ ಮುಂದೆ ನಿನ್ನ ಸ್ವೆಟರಿನ ಚಿತ್ರವನ್ನೇ ಬಿಟ್ಟಿದ್ದಾಳೆ. ನಾನು ತಿದ್ದಿದ್ದನ್ನಲ್ಲ, ನೀನು ಹೆಣೆದದ್ದನ್ನು. ನಾಲ್ಕು ಒಳಗೆ, ಒಂದು ದನಗಳ ಮಧ್ಯೆ. ಅಕ್ಕ ಹೆಣೆದದ್ದು ಚೆಂದ ಕಂಡಿತು, ಅದಕ್ಕೇ ಬಿಟ್ಟೆ ಎಂದಳು.

ಹಲ್ಲುಜ್ಜುತ್ತ ಬಂದ ನಿಮ್ಮ ತಂದೆ ಅದನ್ನು ದಾಟಲಿಲ್ಲ, ಅಲ್ಲೇ ನಿಂತರು. ನಮ್ಮ ಮನೆಯ ರೂಢಿ ಅವರಿಗೂ ಗೊತ್ತಲ್ಲ, ಮನೆಯಲ್ಲಿ ಎಷ್ಟು ಜನವೋ ಅಷ್ಟು ಚುಕ್ಕಿ. ನಿನ್ನನ್ನು ಗಂಡನ ಮನೆಗೆ ಕಳಿಸಿದ ದಿನ ನಾನು ಮೂರೇ ಚುಕ್ಕಿ ಇಟ್ಟಿದ್ದನ್ನು ಕಂಡು ನೀನು ಗಾಡಿ ಹತ್ತದೆ ಅತ್ತಿದ್ದೆ. ಈಗ ನಿಮ್ಮ ತಂದೆ ಬೆರಳು ಮಡಿಚುತ್ತ ಎಣಿಸಿದರು. ಮಾವ, ಅತ್ತೆ, ಗಂಡ, ಮೈದುನ. "ಲೇ ಅಕ್ಕಯ್ಯ, ದನದ ಜತೇಲಿರೋದು ಯಾರೇ?" ಎಂದರು. ನಾನು ಹಿಟ್ಟಿನ ಬಟ್ಟಲನ್ನೆತ್ತಿಕೊಂಡು ಒಳಗೆ ಹೋದೆ.

ಆಗಲೇ ಖದೀಜಾಳನ್ನು ಕರೆಸಿ ನಿಮ್ಮೂರ ಕಡೆ ಕಳಿಸಿದರು. ಮಂಗಳವಾರ ಅವಳು ತಿರುಗಿ ಬಂದು ನಮ್ಮ ಜಗಲಿಯ ಮೇಲೆ ಮಲಾರ ಇಳಿಸಿದಳು. "ನಿಮ್ಮ ಹುಡುಗಿ ಕೊಟ್ಟಿಗೇಲಿ ಮಲಗ್ತಾಳಮ್ಮ. ಬಳೆ ತೊಡಿಸ್ತೀನಿ ಕೈ ಕೊಡು ಅಂದ್ರೆ ಸೆರಗಲ್ಲಿ ಮುಚ್ಕೊಂಡ್ಬಿಟ್ಳು," ಎಂದಳು. ಹೆತ್ತ ಕೂಸು ಉಳಿಯಲಿಲ್ಲವೆಂದು ನಿನ್ನನ್ನು ಒಲೆಯ ಹತ್ತಿರ ಸೇರಿಸುವುದಿಲ್ಲವಂತೆ, ಅಳಿಯನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ಇದೆಲ್ಲ ಆ ಬೀದಿಗೆಲ್ಲ ಗೊತ್ತು. ಹೆತ್ತವಳಿಗೆ ಬಳೆಗಾರ್ತಿಯ ಬಾಯಿಂದ ತಿಳಿಯಬೇಕಾಯಿತು.

ಸೋಮವಾರ ಬೆಳಿಗ್ಗೆ ನಿಮ್ಮ ತಂದೆ ಗಾಡಿ ಕಟ್ಟಿಕೊಂಡು ಬರುತ್ತಾರೆ. ಜಗಳವಾದರೆ ಆಗಲಿ. ನೀನು ಯಾರಿಗೂ ಏನೂ ಹೇಳಬೇಡ, ಉಟ್ಟ ಸೀರೆಯಲ್ಲೇ ಬಂದು ಗಾಡಿ ಹತ್ತು. ವಿಜಯಪುರದವರಿಗೆ ನಿಮ್ಮ ತಂದೆ ಆ ಭಾನುವಾರವೇ, ನಮ್ಮ ದೊಡ್ಡ ಮಗಳು ಮನೆಗೆ ಬರುತ್ತಾಳೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ತಿಳಿಸುತ್ತೇವೆ ಎಂದು ಎದ್ದುಹೋದವರು ಇದುವರೆಗೆ ತಿಳಿಸಿಲ್ಲ. ಸಪ್ಪಲಮ್ಮ ಅದಕ್ಕೆ ಕೊರಗುತ್ತಿಲ್ಲ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ.

ಇಂತಿ ಆಶೀರ್ವಾದ ಮಾಡುವ ಯೋಗ್ಯತೆ ಉಳಿದಿದ್ದರೆ,
ನಿನ್ನ ಅಮ್ಮ
ಅಕ್ಕಯಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟಿದ್ದೆ. ಲೆಕ್ಕ ತಪ್ಪಿತೆಂದು ನಾನು ತಿಳಿಯಲಿಲ್ಲ, ಗಂಗಾ. ನಿನಗೆ ಹೆಣಿಗೆ ಕಲಿಸಿದವಳು ನಾನು, ನೀನು ತಪ್ಪುವವಳಲ್ಲ. ಸ್ವೆಟರನ್ನು ಬಿಚ್ಚಿ ನೋಡಿದ ಕೂಡಲೇ ನನಗೆ ಅರ್ಥವಾಗಿತ್ತು. ವಿಜಯಪುರದವರು ಬರುವ ಹೊತ್ತಿಗೆ ನೀನು ತೌರಲ್ಲಿ ಕೂತಿದ್ದರೆ ಸಪ್ಪಲಮ್ಮನ ಗತಿಯೇನು ಎಂದು ಹೆದರಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಮಾತನ್ನು ಮನಸ್ಸಿಗೆ ಹೇಳಿಕೊಂಡೆ. ಬೇರೆ ಯಾರಾದರೂ ಓದಿಯಾರೆಂದೇ ಅಷ್ಟು ಜನರ ಮುಂದೆ ನಕ್ಕು, ಆ ಚುಕ್ಕಿಯನ್ನು ಗೆರೆಯೊಳಗೆ ಸೇರಿಸಿ ಹೊಲಿದೆ. ಕೊಟ್ಟಿಗೆಯಲ್ಲಿ ಚಳಿ ಇರುತ್ತದೆ, ನೀನೇ ಹಾಕಿಕೊಳ್ಳುವೆಯೆಂದು ಸ್ವೆಟರನ್ನು ವಾಪಸು ಕಳಿಸಿದೆ. ನನ್ನ ತಾಯ್ತನ ಅಷ್ಟಕ್ಕೇ ಮುಗಿಯಿತು. ಇದು ನಿಮ್ಮ ತಂದೆಗೂ ಗೊತ್ತಿಲ್ಲ, ಸಪ್ಪಲಮ್ಮನಿಗೂ ಗೊತ್ತಿಲ್ಲ.

ಸೋಮವಾರ ಬೆಳಿಗ್ಗೆ ಹೊಸಿಲ ಮುಂದೆ ನಾಲ್ಕು ಚುಕ್ಕಿ ಇಟ್ಟಿರುತ್ತೇನೆ. ಗೆರೆ ಎಳೆಯುವುದಿಲ್ಲ. ನೀನು ಬಂದು ಎಳೆ. ನನ್ನ ಚುಕ್ಕಿಯನ್ನು ಒಳಗೆ ಸೇರಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು.